ಉಮೇದುವಾರರ ನಾಲಿಗೆ

“ನಮ್ಮ ತರುಣರಿಗೆ ವಿದ್ಯೆಯುಂಟು, ಮಾತಿಲ್ಲ” ಎಂಬ ಆಕ್ಷೇಪಣೆಯು ಈಚೆಗೆ ಬಹಳವಾಗಿ ಕೇಳಿಬರುತ್ತಿರುವುದು. ವಿಶ್ವವಿದ್ಯಾನಿಲಯದ ಅಧ್ಯಾಪಕ ಹುದ್ದೆಗಳ ಸಂದರ್ಶನವು ಮುಗಿದಾಗಲೆಲ್ಲ ಆಯ್ಕೆಯ ಸಮಿತಿಯ ಮಹನೀಯರು ಹೊರಗೆ ಬಂದು ಈ ಮಾತನ್ನೇ ಆಡುವರು. ಅದನ್ನು ಕೇಳಿದ ತಂದೆತಾಯಿಗಳು ಸಾಲಮಾಡಿಯಾದರೂ ಮಕ್ಕಳನ್ನು ‘ಸಂವಹನ ಕೌಶಲ’ವನ್ನು ಮಾರುವ ಅಂಗಡಿಗಳಿಗೆ ಕಳುಹಿಸುವರು. ರೋಗವಿರುವುದು ಒಬ್ಬರಿಗೆ, ಕಷಾಯ ಕುಡಿಯುತ್ತಿರುವವರು ಮತ್ತೊಬ್ಬರು ಎಂಬುದು ನನ್ನ ವಾದ.

ಆ ಕೊಠಡಿಯಲ್ಲಿ ಗೆಲ್ಲುವ ಮಾತು ಎಂತಹುದೆಂಬುದನ್ನು ವಾಚಕರು ಒಮ್ಮೆ ನೋಡಬೇಕು. ಉಮೇದುವಾರನು ಒಳಗೆ ಬಂದೊಡನೆ ಎಲ್ಲರಿಗೂ ಬಾಗಿ ವಂದಿಸುವನು. ತನ್ನ ಪ್ರಬಂಧವು ಹೊಸ ಒಳನೋಟಗಳನ್ನು ನೀಡುವುದೆಂದೂ ಅಂತರಶಿಸ್ತೀಯವೆಂದೂ ಇಂಗ್ಲಿಷಿನಲ್ಲಿ ಉರುಹೊಡೆದುದನ್ನು ಒಪ್ಪಿಸುವನು. ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ ಪ್ರಶ್ನೆಯನ್ನೇ ಹೊಗಳುವನು. “ತಿಳಿಯದು” ಎಂಬ ಪ್ರಾಮಾಣಿಕವಾದ ಪದವೊಂದು ಮಾತ್ರ ಅವನ ಬಾಯಿಂದ ಹೊರಡದು. ಹೊರಟರೆ ಅಂಕ ಹೋಯಿತೆಂದು ಅಂಗಡಿಯವರು ಹೇಳಿಕೊಟ್ಟಿರುವರು. ದುಃಖದ ಸಂಗತಿಯೆಂದರೆ ಅವರು ಹೇಳಿದುದು ಸುಳ್ಳಲ್ಲ.

ಇದನ್ನು ನಾನು ಕೇಳಿ ಬರೆಯುತ್ತಿಲ್ಲ. ಕೆಲವು ವರ್ಷಗಳ ಕೆಳಗೆ ನಾನೂ ಒಂದು ಸಮಿತಿಯಲ್ಲಿ ವಿಷಯತಜ್ಞನೆಂಬ ಹೆಸರಿನಿಂದ ಕುಳಿತಿದ್ದೆನು. ಹುದ್ದೆಯು ಇತಿಹಾಸದ್ದು. ಬಯಲುಸೀಮೆಯ ಒಬ್ಬ ತರುಣನು ಬಂದನು. ಹಲವು ವರ್ಷ ಅತಿಥಿ ಉಪನ್ಯಾಸಕನಾಗಿ ದುಡಿದವನು. ಕೆರೆಗಳ ಶಾಸನಗಳ ವಿಷಯವಾಗಿ ನಾನೇ ಪ್ರಶ್ನೆ ಹಾಕಿದೆನು, ಇಂಗ್ಲಿಷಿನಲ್ಲಿ. ಅವನು ಎರಡು ವಾಕ್ಯ ಹೇಳಿದನು, ಮೂರನೆಯದರಲ್ಲಿ ಕ್ರಿಯಾಪದ ಸಿಕ್ಕದೆ ನಿಂತನು, ಬೆವರಿದನು. ಪಕ್ಕದವರು ಮುಗುಳ್ನಕ್ಕರು. ನಾನು ಕಡಮೆ ಅಂಕ ಬರೆದೆನು.

ಕಾಫಿಯ ವಿರಾಮದಲ್ಲಿ ಹೊರಗಿನ ಜಗಲಿಯ ಕಡೆಗೆ ಹೋದಾಗ ಅದೇ ತರುಣನು ಮತ್ತೊಬ್ಬ ಉಮೇದುವಾರನಿಗೆ ಕನ್ನಡದಲ್ಲಿ ಹೇಳುತ್ತಿದ್ದನು: “ಕೆರೆ ಕಟ್ಟಿಸಿದವನ ಹೆಸರನ್ನು ಎಲ್ಲರೂ ಓದುತ್ತಾರೆ, ಸಾರ್. ವರ್ಷ ವರ್ಷವೂ ಅದರ ಹೂಳು ತೆಗೆದವನಿಗೆ ಏನು ಸಿಕ್ಕಿತು? ಅದನ್ನು ಕೇಳಬೇಕು.” ಅಲ್ಲಿಂದ ಮುಂದೆ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಶಾಸನಪದಗಳನ್ನು ಹಿಡಿದು, ಕೆರೆಯ ರಕ್ಷಣೆಗಾಗಿ ಭೂಮಿಯನ್ನು ಬಿಡುತ್ತಿದ್ದ ಬಗೆಯನ್ನು ಅವನು ವಿವರಿಸಿದ ರೀತಿಯನ್ನು ಕೇಳಿ ನಾನು ಕಾಫಿಯನ್ನು ಮರೆತೆನು. ಒಳಗೆ ನಾನು ಕೇಳಿದ್ದ ಪ್ರಶ್ನೆಗೆ ಅದೇ ಉತ್ತರ. ಆದರೆ ಪಟ್ಟಿಗೆ ಅಂಕ ಏರಿಯಾಗಿತ್ತು. ತಿದ್ದಬೇಕೆಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಅವನಿಗೆ ಮಾತಿಲ್ಲವೆಂದು ಆ ದಿನ ಸಂಜೆ ಸಮಿತಿಯವರು ಹೇಳಿದಾಗ ನಾನು ಸುಮ್ಮನಿದ್ದೆನು.

ಈಗ ನಿಯಮಗಳನ್ನು ನೋಡೋಣ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2010ರಲ್ಲಿ ಮಾಡಿದ ನಿಯಮಾವಳಿಯಲ್ಲಿ ಸಹಾಯಕ ಪ್ರಾಧ್ಯಾಪಕನ ಆಯ್ಕೆಗೆ ವಿದ್ಯಾಸಾಧನೆ ಮತ್ತು ಸಂಶೋಧನೆಗೆ ಶೇಕಡ 50, ವಿಷಯಜ್ಞಾನ ಮತ್ತು ಬೋಧನಶಕ್ತಿಗೆ 30, ಸಂದರ್ಶನಕ್ಕೆ 20 ಎಂದು ಹಂಚಿದ್ದಿತು. 2018ರ ನಿಯಮಾವಳಿಯಾದರೋ ವಿದ್ಯಾಸಾಧನೆಯ ಅಂಕಗಳು ಸಂದರ್ಶನಕ್ಕೆ ಕರೆಯುವುದಕ್ಕೆ ಮಾತ್ರ ಸಾಕೆಂದೂ, ಆಯ್ಕೆಯು ಸಂದರ್ಶನವೊಂದರಿಂದಲೇ ಆಗತಕ್ಕದ್ದೆಂದೂ ವಿಧಿಸಿತು. ಎಷ್ಟೋ ವರ್ಷಗಳ ಓದು ಬಾಗಿಲವರೆಗೆ ತಂದು ಬಿಡುವುದು. ಒಳಗೆ ಕಳೆಯುವ ಕೆಲವು ನಿಮಿಷಗಳು ಬಾಳನ್ನು ತೀರ್ಮಾನಿಸುವುವು.

ಶ್ರೀನಗರದ ಎಂಜಿನಿಯರಿಂಗ್ ಕಾಲೇಜೊಂದರ ಪ್ರವೇಶದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1980ರಲ್ಲಿ ಕೊಟ್ಟ ತೀರ್ಪನ್ನು ಇಲ್ಲಿ ನೆನೆಯಬೇಕು. ಅಲ್ಲಿ ಲಿಖಿತ ಪರೀಕ್ಷೆಗೆ 100, ಮೌಖಿಕಕ್ಕೆ 50 ಅಂಕಗಳಿದ್ದುವು. ಒಬ್ಬೊಬ್ಬನನ್ನು ಮಾತನಾಡಿಸಿದುದು ಎರಡು ಮೂರು ನಿಮಿಷ. ಮೌಖಿಕಕ್ಕೆ ಶೇಕಡ 15ಕ್ಕಿಂತ ಹೆಚ್ಚು ಇಡುವುದು ಸ್ವೇಚ್ಛಾಚಾರವೆಂದೂ, ಸಂದರ್ಶನವನ್ನು ಧ್ವನಿಮುದ್ರಿಸಿಡುವುದು ಒಳ್ಳೆಯದೆಂದೂ ನ್ಯಾಯಮೂರ್ತಿಗಳು ಹೇಳಿದರು. ಅದು ವಿದ್ಯಾರ್ಥಿಗಳ ವಿಷಯ, ಪ್ರೌಢರ ನೇಮಕಕ್ಕೆ ಸಂದರ್ಶನದ ತೂಕ ಹೆಚ್ಚಿರಬಹುದೆಂದು ಅದೇ ನ್ಯಾಯಾಲಯವು ಮರುವರ್ಷ ಬೇರೊಂದು ಮೊಕದ್ದಮೆಯಲ್ಲಿ ಒಪ್ಪಿದೆ, ಎಂದು ಪಂಡಿತರು ಆಕ್ಷೇಪಿಸಬಹುದು. ಒಪ್ಪಿದೆನು. ಆದರೆ ತೂಕ ಹೆಚ್ಚಿದಷ್ಟೂ ತಕ್ಕಡಿಯು ಸರಿಯಾಗಿರಬೇಡವೆ?

ಸರಿಯಾದ ತಕ್ಕಡಿ ಇಲ್ಲದಿಲ್ಲ. 2018ರ ನಿಯಮಾವಳಿಯಲ್ಲಿಯೇ, ತರಗತಿಯ ಸನ್ನಿವೇಶದಲ್ಲಿ ಉಪನ್ಯಾಸ ಮಾಡಿಸಿ ಬೋಧನಶಕ್ತಿಯನ್ನು ಅಳೆಯಬಹುದೆಂದು ಹೇಳಿದೆ. ‘ಅಳೆಯಬಹುದು’, ‘ಅಳೆಯತಕ್ಕದ್ದು’ ಎಂದಲ್ಲ! ಈ ‘ಬಹುದು’ ಎಂಬುದರೊಳಗೆ ಎಷ್ಟು ಜನ ಒಳ್ಳೆಯ ಮೇಷ್ಟರು ಮುಳುಗಿಹೋದರೋ ದೇವರೇ ಬಲ್ಲ. ಸಮಯವಿಲ್ಲವೆಂದು ಸಮಿತಿಯವರು ಹೇಳುವರು. ಮೂವತ್ತು ವರ್ಷ ಪಾಠ ಹೇಳತಕ್ಕವನನ್ನು ಮೂವತ್ತು ನಿಮಿಷ ಕೇಳುವುದಕ್ಕೆ ಪುರುಸೊತ್ತಿಲ್ಲದವರು ಆ ಕೆಲಸಕ್ಕೆ ಏಕೆ ಒಪ್ಪಿಕೊಳ್ಳಬೇಕು?

ನಾನು ಇಂಗ್ಲಿಷಿನ ದ್ವೇಷಿಯಲ್ಲ. 1911ರಲ್ಲಿ ಧಾರವಾಡದಲ್ಲಿ ಕನ್ನಡದ ಏಳಿಗೆಗಾಗಿ ಭಾಷಣ ಮಾಡಿದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷಿನ ಅಧ್ಯಾಪಕರೇ ಆಗಿದ್ದರು. ಇಂಗ್ಲಿಷಿನಲ್ಲಿ ಪಾಠ ನಡೆಯುವಲ್ಲಿ ಇಂಗ್ಲಿಷನ್ನು ಪರೀಕ್ಷಿಸಲಿ. ಕನ್ನಡದಲ್ಲಿ ಕೇಳುವ ಹಳ್ಳಿಯ ಮಕ್ಕಳ ಮುಂದೆ ನಿಲ್ಲತಕ್ಕವನನ್ನು ಮಾತ್ರ ಆ ಮಕ್ಕಳ ಮುಂದೆಯೇ ನಿಲ್ಲಿಸಿ ನೋಡಲಿ. ಉಮೇದುವಾರರಲ್ಲಿಯೂ ತಪ್ಪಿಲ್ಲದಿಲ್ಲ, ಸ್ವಂತ ಪ್ರಬಂಧವನ್ನೇ ನಾಲ್ಕು ನೇರ ವಾಕ್ಯಗಳಲ್ಲಿ ಹೇಳಲಾರದವರು ಇದ್ದಾರೆ, ಯಾವ ಭಾಷೆಯಲ್ಲಿಯೂ. ಅಂಥವರನ್ನು ಹಿಂದಕ್ಕೆ ಕಳುಹಿಸುವುದಕ್ಕೂ ತರಗತಿಯೇ ಉತ್ತಮವಾದ ಪರೀಕ್ಷೆ. ಹಿಂದಿನ ಬೆಂಚಿನ ಹುಡುಗರಿಗಿಂತ ನಿಷ್ಪಕ್ಷಪಾತಿಗಳಾದ ತಜ್ಞರು ಎಲ್ಲಿಯೂ ಇಲ್ಲ.

ಉಪನ್ಯಾಸವು ಕಡ್ಡಾಯವಾಗಲಿ, ಸಂದರ್ಶನದ ಧ್ವನಿಮುದ್ರಣವಿರಲಿ ಎಂದು ನಮ್ಮ ಸಂಘವು ವಿಶ್ವವಿದ್ಯಾನಿಲಯಕ್ಕೂ ಸರ್ಕಾರಕ್ಕೂ ಮನವಿ ಕಳುಹಿಸಬೇಕೆಂದು ಕಾರ್ಯಕಾರಿ ಮಂಡಲಿಯನ್ನು ಕೇಳಿಕೊಳ್ಳುತ್ತೇನೆ. ಕರಡನ್ನು ನಾನು ಬರೆದುಕೊಡುವೆನು. ಅಂಕ ಬರೆದ ಕೈ ಇದೇ ಆದುದರಿಂದ ಮೊದಲನೆಯ ರುಜುವೂ ನನ್ನದೇ ಇರಲಿ.