ಕಿರಿದಾದ ದಾರಿಗೇಕೆ ನಿಷೇಧ?

ಆಲ್ಪ್ಸ್ ಪರ್ವತದ ಕಾಲುದಾರಿಗಳಲ್ಲಿ ಮೌಂಟನ್ ಬೈಕ್ ಓಡಿಸಬಹುದೇ ಎಂಬ ಜಗಳ ಇಂದು ನಿನ್ನೆಯದಲ್ಲ. ಬೇಸಿಗೆ ಬಂತೆಂದರೆ ಚಾರಣಿಗರು, ಸೈಕಲ್ ಸವಾರರು, ಕಾಡಿನ ಮಾಲೀಕರು, ಬೇಟೆಗಾರರು ಎಲ್ಲರೂ ಅದನ್ನೇ ಮತ್ತೆ ಎತ್ತಿಕೊಳ್ಳುತ್ತಾರೆ. ಆಸ್ಟ್ರಿಯಾದ 1975ರ ಅರಣ್ಯ ಕಾಯ್ದೆಯ ಪ್ರಕಾರ ವಿಹಾರಕ್ಕೆಂದು ಯಾರು ಬೇಕಾದರೂ ಕಾಡಿನಲ್ಲಿ ನಡೆದಾಡಬಹುದು; ಸೈಕಲ್ ಏರಿದರೆ ಮಾತ್ರ ಅನುಮತಿ ಬೇಕು. ಜರ್ಮನಿಯ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯವಂತೂ ಅಳತೆಪಟ್ಟಿಯನ್ನೇ ಹಿಡಿದು ನಿಂತಿದೆ. ಅಲ್ಲಿನ ಕಾಡಿನಲ್ಲಿ 2 ಮೀಟರಿಗಿಂತ ಕಿರಿದಾದ ದಾರಿಯಲ್ಲಿ, ವಿಶೇಷ ಅನುಮತಿ ಇಲ್ಲದಿದ್ದರೆ, ಸೈಕಲ್ ಓಡಿಸುವಂತಿಲ್ಲ. ಅಗಲವಾದ ದಾರಿ ಸುರಕ್ಷಿತ, ಕಿರಿದಾದದ್ದು ಅಪಾಯಕಾರಿ ಎಂಬ ಎಣಿಕೆ ಇದರ ಹಿಂದಿದೆ. ನನ್ನ ಪ್ರಕಾರ ಇದು ತಲೆಕೆಳಗಾದ ಎಣಿಕೆ.

ದುರ್ಗಮ ದಾರಿಯೊಂದರಲ್ಲಿ ಸವಾರ ನಿಜಕ್ಕೂ ಏನು ಮಾಡುತ್ತಾನೆ ಎಂಬುದನ್ನು ಗಮನಿಸಬೇಕು. ಜರ್ಮನ್ ಮಾತನಾಡುವ ಪ್ರದೇಶಗಳಲ್ಲಿ ದಾರಿಯ ಕಠಿಣತೆಯನ್ನು ಎಸ್0ಯಿಂದ ಎಸ್5ರವರೆಗೆ ಗುರುತಿಸುವ ಪದ್ಧತಿಯಿದೆ. ಎಸ್0 ಎಂದರೆ ಬೇರು–ಬಂಡೆಗಳ ಕಾಟವಿಲ್ಲದ ದಾರಿ. ಎಸ್4ಕ್ಕೆ ಬರುವಷ್ಟರಲ್ಲಿ ಸೈಕಲ್ಲನ್ನು ಸುಮ್ಮನೆ ಉರುಳಿಸಿಕೊಂಡು ಹೋಗಿ ತಿರುವು ದಾಟಲಾಗದು. ಸೀಟನ್ನು ಪೂರ್ತಿ ಇಳಿಸಿ, ಪೆಡಲ್ ಮೇಲೆ ನಿಂತು, ಮುಂದಿನ ಬ್ರೇಕನ್ನು ಒಂದೇ ಬೆರಳಲ್ಲಿ ಹದವಾಗಿ ಒತ್ತಿ, ಮೈಭಾರವನ್ನು ಮುಂದಕ್ಕೆ ತಂದು ಹಿಂದಿನ ಚಕ್ರವನ್ನು ನೆಲದಿಂದ ಬಿಡಿಸಬೇಕು. ಸೊಂಟ ತಿರುಗಿಸಿ ಅದನ್ನು ಪಕ್ಕಕ್ಕೆ ತಂದಿಡಬೇಕು. ಒಂದು ಗೇಣು ತಪ್ಪಿದರೆ ಕೆಳಗೆ ಇಳಿಜಾರು. ಇಂಥ ತಿರುವಿನಲ್ಲಿ ಸವಾರನ ವೇಗ ನಡೆಯುವವನಿಗಿಂತ ಹೆಚ್ಚೇನಿರುವುದಿಲ್ಲ, ಎಷ್ಟೋ ಸಲ ಕಡಿಮೆಯೇ. ಅದೇ ಸವಾರ ಜಲ್ಲಿ ಹಾಸಿದ ಅಗಲವಾದ ಅರಣ್ಯ ರಸ್ತೆಗೆ ಇಳಿದರೆ ಯಾವ ಕೌಶಲವೂ ಇಲ್ಲದೆ ಗಂಟೆಗೆ 40 ಕಿ.ಮೀ. ಮುಟ್ಟುತ್ತಾನೆ. ವೇಗ 10ರಿಂದ 40ಕ್ಕೆ ಏರಿದರೆ ಡಿಕ್ಕಿಯಲ್ಲಿರುವ ಶಕ್ತಿ 4 ಪಟ್ಟಲ್ಲ, 16 ಪಟ್ಟು ಆಗುತ್ತದೆ. ಕಾನೂನು ಮುಚ್ಚುವುದು ಮೊದಲನೆಯ ದಾರಿಯನ್ನು, ತೆರೆದಿಡುವುದು ಎರಡನೆಯದನ್ನು!

ಚಕ್ರ ಹರಿದರೆ ಮಣ್ಣು ಕೊಚ್ಚಿಹೋಗುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಅಮೆರಿಕದ ಮೊಂಟಾನಾದ ಬೆಟ್ಟದ ದಾರಿಗಳಲ್ಲಿ ನಡೆಸಿ 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನೆನೆದ ನೆಲದಲ್ಲಿ ಚಕ್ರಗಳಿಗಿಂತ ಕುದುರೆಗಳೂ ಪಾದಚಾರಿಗಳೂ ಹೆಚ್ಚು ಮಣ್ಣು ಸಡಿಲಿಸಿದ್ದು ಕಂಡುಬಂತು. ಅಲ್ಲಿನ ನೆಲಕ್ಕೂ ಆಲ್ಪ್ಸ್‌ನ ನೆಲಕ್ಕೂ ವ್ಯತ್ಯಾಸವಿದೆ, ಒಪ್ಪೋಣ. ಚಕ್ರವೇ ಮೊದಲ ಅಪರಾಧಿ ಎಂಬ ನಂಬಿಕೆ ಅಷ್ಟು ಗಟ್ಟಿಯಲ್ಲ ಎನ್ನಲು ಅದು ಸಾಕು. ನಿಜವಾದ ಹಾನಿ ಮಾಡುವುದು ಹಿಂದಿನ ಚಕ್ರವನ್ನು ಬಿಗಿಹಿಡಿದು ಎಳೆದುಕೊಂಡು ಇಳಿಯುವ ಸವಾರ. ಆ ಗೀರು ಮುಂದಿನ ಮಳೆಗೆ ಕಾಲುವೆಯಾಗುತ್ತದೆ. ಅದು ದಾರಿ ಕಠಿಣವಾದ್ದರಿಂದ ಆದದ್ದಲ್ಲ, ಅದಕ್ಕೆ ತಕ್ಕ ತಯಾರಿಯಿಲ್ಲದವನು ಅಲ್ಲಿಗೆ ಬಂದದ್ದರಿಂದ ಆದದ್ದು.

ಚಾರಣಿಗರ ಭಯ ಇನ್ನೂ ಗಂಭೀರವಾದದ್ದು. ಫ್ರಾನ್ಸಿನ ಆಲ್ಪ್ ದ್ಯುಯೆಜ್‌ನಲ್ಲಿ 1995ರಿಂದ ನಡೆಯುತ್ತಿರುವ ಮೆಗಾವಲಾಂಶ್ ಸ್ಪರ್ಧೆಯ ವಿಡಿಯೊ ನೋಡಿದವರು, 3,330 ಮೀಟರ್ ಎತ್ತರದ ಪಿಕ್ ಬ್ಲಾಂಕ್‌ನಿಂದ ನೂರಾರು ಸವಾರರು ಒಟ್ಟಿಗೆ ಧುಮ್ಮಿಕ್ಕುವುದನ್ನು ಕಂಡು ಎಲ್ಲ ಸವಾರರೂ ಹೀಗೆಯೇ ಎಂದುಕೊಂಡರೆ ತಪ್ಪು ಅವರದಲ್ಲ. ಆದರೆ ಅದು ಸ್ಪರ್ಧೆ. ಉಳಿದ ದಿನಗಳ ಚಿತ್ರ ಬೇರೆ. ಸ್ವಿಟ್ಜರ್‌ಲೆಂಡಿನ ಗ್ರಾವ್‌ಬ್ಯುಂಡೆನ್ ಪ್ರಾಂತ ನಡೆಯುವವರಿಗೂ ಸವಾರರಿಗೂ ಒಂದೇ ದಾರಿ ಎಂಬ ನೀತಿಯನ್ನೇ ಇಟ್ಟುಕೊಂಡಿದೆ. ನಿಷೇಧವಿರುವ ಕಡೆ ಮಾತ್ರ ಫಲಕ ಹಾಕುತ್ತದೆ. ಫ್ರಾನ್ಸಿನ ಶಾಮೊನಿಯಲ್ಲಿ ಜನಜಂಗುಳಿಯ ಜುಲೈ–ಆಗಸ್ಟ್‌ನಲ್ಲಿ ಹೆಚ್ಚಿನ ಕಾಲುದಾರಿಗಳು ಸೈಕಲ್‌ಗೆ ಮುಚ್ಚಿರುತ್ತವೆ. ಸವಾರರು ಗೊಣಗಿದರೂ ನನಗದು ನ್ಯಾಯವೆನಿಸುತ್ತದೆ, ಏಕೆಂದರೆ ಅದು ಅಳೆಯುವುದು ದಾರಿಯ ಅಗಲವನ್ನಲ್ಲ, ಜನಸಂದಣಿಯನ್ನು.

ಬಿದ್ದು ಮೂಳೆ ಮುರಿದುಕೊಂಡವನು ಕೋರ್ಟಿಗೆ ಹೋದರೆ ಏನು ಗತಿ ಎಂದು ಹೆದರುವ ಕಾಡಿನ ಮಾಲೀಕರಿಗೂ ಉತ್ತರವಿದೆ. ಆಸ್ಟ್ರಿಯಾದ ಟಿರೋಲ್ ಪ್ರಾಂತ 1990ರ ದಶಕದಿಂದಲೇ ಮಾಲೀಕರೊಂದಿಗೆ ಒಪ್ಪಂದ ಮಾಡಿಕೊಂಡು, ಹಣ ಕೊಟ್ಟು, ವಿಮೆಯ ಹೊರೆ ಹೊತ್ತು ದಾರಿಗಳನ್ನು ತೆರೆಸುತ್ತಿದೆ. ಉತ್ತರ ಸುಲಭವಿಲ್ಲದ ಪ್ರಶ್ನೆ ಇ–ಬೈಕಿನದು. ಹಿಂದೆ ಏರುವ ಶ್ರಮವೇ ಅನನುಭವಿಗಳನ್ನು ತಡೆಯುತ್ತಿತ್ತು. ಈಗ ಮೋಟಾರು, ಕೇಬಲ್ ಕಾರು ಯಾರನ್ನಾದರೂ ಮೇಲಕ್ಕೆ ಮುಟ್ಟಿಸುತ್ತವೆ, ಇಳಿಯುವ ವಿದ್ಯೆಯನ್ನು ಕೊಡುವುದಿಲ್ಲ. ಹಾಗಾಗಿ ಎಸ್3, ಎಸ್4 ಎಂಬ ಗುರುತು ಸವಾರರ ಆ್ಯಪ್‌ಗಳಲ್ಲಷ್ಟೇ ಉಳಿಯದೆ ಟಿಕೆಟ್ ಕೌಂಟರಿನ ಪಕ್ಕದಲ್ಲಿ, ಸ್ಕೀ ಇಳಿಜಾರುಗಳಿಗೆ ನೀಲಿ, ಕೆಂಪು, ಕಪ್ಪು ಬಣ್ಣ ಹಚ್ಚಿದಷ್ಟೇ ಎದ್ದು ಕಾಣುವಂತೆ ಇರಬೇಕು. ಅದಕ್ಕೆ ತಗಲುವ ಖರ್ಚು, 2 ಮೀಟರ್ ಅಳೆಯಲು ಕಾಡಿಗೆ ಆಳು ಕಳಿಸುವುದಕ್ಕಿಂತ ಹೆಚ್ಚಿರಲಾರದು.