ಪರದೇಶದಲ್ಲಿರುವ ನಮ್ಮವರು: ಬದಲಾದದ್ದು ಸ್ವಭಾವವೋ, ಸ್ಥಿತಿಯೋ?

ವಿದೇಶದಲ್ಲಿ ಒಬ್ಬರೂ ಇಲ್ಲದ ವಾಳೆ ನಮ್ಮ ಕರಾವಳಿಯಲ್ಲಿ ಸಿಗುವುದು ಕಷ್ಟ. ಹಾಗಾಗಿ ಅಲ್ಲಿರುವವರ ಗುಣ-ಅವಗುಣಗಳ ಚರ್ಚೆಯೂ ನಮ್ಮಲ್ಲಿ ಧಾರಾಳವಾಗಿ ನಡೆಯುತ್ತದೆ. ಒಬ್ಬರು ಹೋದ ಮೇಲೆ ಪೂರ್ತಿ ಬದಲಾದರು, ಇನ್ನೊಬ್ಬರಿಗೆ ಊರಿನ ನೆನಪೇ ಇಲ್ಲ, ಮತ್ತೊಬ್ಬರು ಮೂವತ್ತು ವರ್ಷ ಅಲ್ಲಿದ್ದರೂ ಒಂದು ಚೂರೂ ಬದಲಾಗಲಿಲ್ಲ ಎಂಬ ಮಾತುಗಳು ಮದುವೆ ಮನೆಯಲ್ಲಿ, ಚರ್ಚಿನ ಅಂಗಳದಲ್ಲಿ ಕೇಳಿಬರುತ್ತವೆ. ಈ ಎಲ್ಲ ಮಾತುಗಳ ಹಿಂದೆ ಇರುವ ಊಹೆ ಒಂದೇ: ಮನುಷ್ಯನ ಸ್ವಭಾವ ಹೇಗೋ ಹಾಗೆ ಅವನು ಪರದೇಶದಲ್ಲಿ ಬಾಳುತ್ತಾನೆ.

ಇದು ಅರ್ಧ ಸತ್ಯ ಮಾತ್ರ ಎಂಬುದು ನಮ್ಮ ಅಭಿಪ್ರಾಯ. ಉಳಿದ ಅರ್ಧವನ್ನು ಅವನ ಪಾಸ್‌ಪೋರ್ಟಿನ ಮೇಲೆ ಒತ್ತಿದ ವೀಸಾ, ಅವನು ಸಹಿ ಹಾಕಿದ ಕರಾರುಪತ್ರ ಮತ್ತು ಆ ದೇಶದ ಕಾನೂನು ನಿರ್ಧರಿಸುತ್ತವೆ. ಕಳೆದ ಎರಡು-ಮೂರು ವರ್ಷಗಳಲ್ಲಿ ಈ ಕಾನೂನುಗಳು ಬಹಳ ವೇಗವಾಗಿ ಬದಲಾಗಿವೆ. ಆದುದರಿಂದ ಈ ವಿಷಯವನ್ನು ಈಗ ಸ್ವಲ್ಪ ವಿವರವಾಗಿ ನೋಡುವುದು ಸೂಕ್ತ.

ಎರಡು ಪ್ರಶ್ನೆ, ನಾಲ್ಕು ಉತ್ತರ

ಕೆನಡಾದ ಮನೋವಿಜ್ಞಾನಿ ಜಾನ್ ಬೆರಿ ಅವರು ವಲಸೆ ಹೋದವರ ಮನಸ್ಸನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು. ಅವರ ಪ್ರಕಾರ ಪರದೇಶಕ್ಕೆ ಹೋದ ಪ್ರತಿಯೊಬ್ಬನ ಮುಂದೆ ಎರಡು ಪ್ರಶ್ನೆಗಳು ಏಳುತ್ತವೆ. ನನ್ನ ಭಾಷೆ, ಆಚಾರ, ಸಂಬಂಧಗಳನ್ನು ಉಳಿಸಿಕೊಳ್ಳಬೇಕೇ? ಇಲ್ಲಿನ ಜನರ ಜೊತೆ ಬೆರೆಯಬೇಕೇ? ಎರಡಕ್ಕೂ ಹೌದು ಎಂದವರು ಸಮನ್ವಯದ ದಾರಿ ಹಿಡಿಯುತ್ತಾರೆ. ತನ್ನದನ್ನು ಬಿಟ್ಟು ಅಲ್ಲಿನದನ್ನು ಮಾತ್ರ ಅಪ್ಪಿಕೊಂಡವರು ಅಲ್ಲಿ ಲೀನವಾಗುತ್ತಾರೆ. ತನ್ನದನ್ನು ಮಾತ್ರ ಹಿಡಿದುಕೊಂಡವರು ಪ್ರತ್ಯೇಕವಾಗಿ ಉಳಿಯುತ್ತಾರೆ. ಎರಡೂ ಇಲ್ಲದವರು ಅಂಚಿಗೆ ಸರಿಯುತ್ತಾರೆ. ಸಾಮಾನ್ಯವಾಗಿ ಮೊದಲನೆಯ ದಾರಿಯವರ ಮನಸ್ಸು ಹೆಚ್ಚು ನೆಮ್ಮದಿಯಲ್ಲಿರುತ್ತದೆ, ಕೊನೆಯವರು ಹೆಚ್ಚು ಕಷ್ಟಪಡುತ್ತಾರೆ ಎಂದು ಅವರ ಅಧ್ಯಯನಗಳು ತೋರಿಸಿವೆ.

ಆದರೆ ಬೆರಿಯವರು ಹೇಳಿದ ಇನ್ನೊಂದು ಮಾತನ್ನು ಹೆಚ್ಚಿನವರು ಮರೆಯುತ್ತಾರೆ. ಈ ಆಯ್ಕೆ ವಲಸಿಗನೊಬ್ಬನ ಕೈಯಲ್ಲೇ ಇಲ್ಲ. ಆತಿಥೇಯ ದೇಶ ಬಾಗಿಲು ಎಷ್ಟು ತೆರೆಯುತ್ತದೆ ಎಂಬುದರ ಮೇಲೂ ಅದು ನಿಂತಿದೆ. ಬೆರೆಯಲು ಅವಕಾಶವೇ ಇಲ್ಲದ ಕಡೆ ‘ಅವನು ಬೆರೆಯುವುದಿಲ್ಲ’ ಎಂದು ದೂರುವುದರಲ್ಲಿ ಅರ್ಥವಿಲ್ಲ. ಈ ದೃಷ್ಟಿಯಿಂದ ನಮ್ಮವರಲ್ಲಿ ಕಾಣುವ ಕೆಲವು ಬಗೆಯವರನ್ನು ಗಮನಿಸೋಣ.

‘ಇನ್ನೆರಡೇ ವರ್ಷ’ ಎನ್ನುವವರು

ಕೊಲ್ಲಿ ರಾಷ್ಟ್ರಗಳಲ್ಲಿರುವ ನಮ್ಮವರಲ್ಲಿ ಈ ಬಗೆಯವರೇ ಹೆಚ್ಚು. ಇವರ ಸೂಟ್‌ಕೇಸ್ ಯಾವಾಗಲೂ ಅರ್ಧ ಕಟ್ಟಿದ ಸ್ಥಿತಿಯಲ್ಲೇ ಇರುತ್ತದೆ. ಮನೆಯ ಸಾಲ ತೀರಲಿ, ತಂಗಿಯ ಮದುವೆಯಾಗಲಿ, ಮಗ ಇಂಜಿನಿಯರಿಂಗ್ ಮುಗಿಸಲಿ ಎನ್ನುತ್ತಾ ಎರಡು ವರ್ಷ ಇಪ್ಪತ್ತಾಗುತ್ತದೆ. ಅಲ್ಲಿ ಒಳ್ಳೆಯ ಕುರ್ಚಿ ಖರೀದಿಸುವುದಿಲ್ಲ, ಅರಬ್ಬಿ ಭಾಷೆ ಸರಿಯಾಗಿ ಕಲಿಯುವುದಿಲ್ಲ. ಊರಿನಲ್ಲಿ ಮಾತ್ರ ದೊಡ್ಡ ಮನೆ ಎದ್ದು, ಬೀಗ ಹಾಕಿಕೊಂಡು ನಿಂತಿರುತ್ತದೆ.

ಇದನ್ನು ಜಿಪುಣತನ ಎನ್ನುವವರಿದ್ದಾರೆ. ಆದರೆ ಕೊಲ್ಲಿಯಲ್ಲಿ ಸಾಮಾನ್ಯ ಉದ್ಯೋಗಿಗೆ ಪೌರತ್ವದ ದಾರಿ ಇಲ್ಲ. ಕೆಲಸ ಹೋದರೆ ವಾಸದ ಪರವಾನಗಿಯೂ ಹೋಗುತ್ತದೆ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಯುಎಇಯಲ್ಲಿ ತಿಂಗಳಿಗೆ ಕನಿಷ್ಠ 4,000 ದಿರ್ಹಮ್ ಸಂಬಳ, ಅಥವಾ 3,000 ದಿರ್ಹಮ್ ಜೊತೆಗೆ ಕಂಪೆನಿಯ ವಸತಿ ಇರಬೇಕೆಂದು 2019ರಲ್ಲಿ ನಿಯಮ ಬಂತು. ಅದಕ್ಕಿಂತ ಕಡಿಮೆ ಸಂಬಳದವನು ಒಂಟಿಯಾಗಿಯೇ ಇರಬೇಕು. ಹೊರಡಲೇಬೇಕಾದ ದಿನ ಎಂದು ಬರುತ್ತದೋ ತಿಳಿಯದವನು ಕುರ್ಚಿ ಖರೀದಿಸದೆ ಊರಿನಲ್ಲಿ ಮನೆ ಕಟ್ಟುವುದು ವಿವೇಕವೇ ಹೊರತು ಜಿಪುಣತನವಲ್ಲ.

ಈ ಬಾಳಿನ ಕಹಿ ಮುಖವನ್ನು 2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ನಡೆದ ಬೆಂಕಿ ದುರಂತ ಜಗತ್ತಿಗೆ ತೋರಿಸಿತು. ಕಾರ್ಮಿಕರು ತುಂಬಿದ್ದ ಒಂದು ಕಟ್ಟಡದಲ್ಲಿ ಬೆಳಗಿನ ಜಾವ ಮಲಗಿದ್ದಲ್ಲೇ 40ಕ್ಕೂ ಹೆಚ್ಚು ಭಾರತೀಯರು ಪ್ರಾಣ ಕಳೆದುಕೊಂಡರು. ರಜೆಯಲ್ಲಿ ಬಂದಾಗ ಚಾಕಲೇಟು, ಸೆಂಟು ಹಂಚುವ ವ್ಯಕ್ತಿ ಅಲ್ಲಿ ಹೇಗೆ ಮಲಗುತ್ತಾನೆ ಎಂದು ಕೇಳುವವರು ಕಡಿಮೆ.

ಊರನ್ನೇ ಜೊತೆಗೆ ಒಯ್ದವರು

ಎರಡನೆಯ ಬಗೆಯವರು ಸಂಘ ಕಟ್ಟುವವರು. ತೆನೆ ಹಬ್ಬ, ನಾಟಕ, ಸಂಗೀತ ರಾತ್ರಿ, ಕ್ರಿಕೆಟ್ ಪಂದ್ಯ, ಊರಿನ ಶಾಲೆಗೆ ನಿಧಿ ಸಂಗ್ರಹ ಇತ್ಯಾದಿಗಳಲ್ಲಿ ಇವರು ಮುಂದು. ಊರಿನಲ್ಲಿದ್ದಾಗ ವೇದಿಕೆ ಹತ್ತದವರು ಅಲ್ಲಿ ಕಾರ್ಯದರ್ಶಿಯಾಗಿ ಮಿಂಚುವುದುಂಟು. ಇವರಿಗೆ ಹೆಸರಿನ ಆಸೆ ಎಂದು ಟೀಕಿಸುವುದು ಸುಲಭ. ಆದರೆ ಪರಸ್ಥಳದಲ್ಲಿ ಆಸ್ಪತ್ರೆ ಸೇರಿದವನಿಗೆ ರಕ್ತ ಕೊಡಲು, ತೀರಿಕೊಂಡವನ ಪಾರ್ಥಿವ ಶರೀರ ಊರಿಗೆ ಕಳುಹಿಸಲು ಕಚೇರಿಯಿಂದ ಕಚೇರಿಗೆ ಅಲೆಯುವವರು ಬಹುತೇಕ ಇವರೇ. ಆ ಸಂಘಗಳು ಸರಕಾರವೂ ಕುಟುಂಬವೂ ಹತ್ತಿರವಿಲ್ಲದ ಕಡೆ ಎರಡರ ಕೆಲಸವನ್ನೂ ಮಾಡುತ್ತವೆ.

ಬೇರು ಕಿತ್ತು ನೆಟ್ಟವರು

ಕೆನಡಾ, ಆಸ್ಟ್ರೇಲಿಯಾ, ಬ್ರಿಟನ್, ಅಮೆರಿಕಗಳಿಗೆ ಹೋದವರ ದಾರಿ ಬೇರೆ. ಅಲ್ಲಿ ನೆಲೆಸುವ ಅವಕಾಶ ಇದೆ. ಕೆನಡಾದಲ್ಲಿ ಖಾಯಂ ನಿವಾಸಿಯಾದವನು ಐದು ವರ್ಷಗಳಲ್ಲಿ 1,095 ದಿನ ಆ ನೆಲದಲ್ಲಿದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಆದುದರಿಂದ ಅವನು ಮನೆಯನ್ನು ಅಲ್ಲಿಯೇ ಕೊಳ್ಳುತ್ತಾನೆ, ಸಾಲವನ್ನು ಅಲ್ಲಿಯೇ ಕಟ್ಟುತ್ತಾನೆ, ಊರಿಗೆ ಕಳುಹಿಸುವ ಹಣ ಕ್ರಮೇಣ ಕಡಿಮೆಯಾಗುತ್ತದೆ. ಮಕ್ಕಳು ಮನೆಮಾತು ಅರ್ಥ ಮಾಡಿಕೊಂಡರೂ ಉತ್ತರ ಕೊಡುವುದು ಇಂಗ್ಲಿಷಿನಲ್ಲಿ. ‘ಅವರು ಊರನ್ನು ಮರೆತರು’ ಎಂಬ ದೂರು ಹೆಚ್ಚು ಕೇಳಿಬರುವುದು ಇವರ ಬಗ್ಗೆಯೇ.

ಇದಕ್ಕೆ ನಮ್ಮ ದೇಶದ ಕಾನೂನೂ ಒಂದು ಕಾರಣ. ಭಾರತದಲ್ಲಿ ಎರಡು ದೇಶಗಳ ಪೌರತ್ವಕ್ಕೆ ಅವಕಾಶವಿಲ್ಲ. ಅಲ್ಲಿನ ಪೌರತ್ವ ಪಡೆದವನು ಇಲ್ಲಿನದನ್ನು ಬಿಡಲೇಬೇಕು. ಸಾಗರೋತ್ತರ ಭಾರತೀಯನೆಂಬ ಒಸಿಐ ಕಾರ್ಡ್ ಸಿಕ್ಕಿದರೂ ಮತದಾನದ ಹಕ್ಕಿಲ್ಲ, ಕೃಷಿ ಭೂಮಿ ಖರೀದಿಸುವಂತಿಲ್ಲ. ಭಾರತೀಯ ಪೌರತ್ವ ಉಳಿಸಿಕೊಂಡ ಅನಿವಾಸಿಗೆ 2010ರ ತಿದ್ದುಪಡಿಯಿಂದ ಮತದಾನದ ಹಕ್ಕು ಸಿಕ್ಕಿದೆ. ಆದರೆ ಮತ ಹಾಕಲು ಅವನು ವಿಮಾನ ಹತ್ತಿ ತನ್ನ ಮತಗಟ್ಟೆಗೇ ಬರಬೇಕು!

ಈ ಬಗೆಯವರ ಸಂಖ್ಯೆ ಹೆಚ್ಚುತ್ತಿದೆ ಎಂಬುದಕ್ಕೆ ಅಂಕಿಅಂಶಗಳ ಸಾಕ್ಷಿಯೂ ಇದೆ. ರಿಸರ್ವ್ ಬ್ಯಾಂಕ್ 2025ರ ಮಾರ್ಚ್‌ನಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ದೇಶಕ್ಕೆ ಬರುವ ಹಣದಲ್ಲಿ ಆರು ಕೊಲ್ಲಿ ರಾಷ್ಟ್ರಗಳ ಪಾಲು 2016-17ರಲ್ಲಿ ಸುಮಾರು ಶೇ. 47 ಇದ್ದದ್ದು 2023-24ಕ್ಕೆ ಶೇ. 38ಕ್ಕೆ ಇಳಿದಿದೆ. ಅಮೆರಿಕವೊಂದರ ಪಾಲೇ ಸುಮಾರು ಶೇ. 28. ಮರಳಿ ಬರುವವರ ಹಣಕ್ಕಿಂತ ಅಲ್ಲೇ ನೆಲೆಸಬಲ್ಲವರ ಹಣದ ತೂಕ ಹೆಚ್ಚುತ್ತಿದೆ ಎಂದು ಇದರ ತಾತ್ಪರ್ಯ.

ಬಾಯಿ ಬಿಡದವರು

ನಾಲ್ಕನೆಯ ಬಗೆಯವರ ಬಗ್ಗೆ ನಮಗೆ ಹೆಚ್ಚು ಕಾಳಜಿ. ಇವರು ಫೋನಿನಲ್ಲಿ ಯಾವಾಗಲೂ ಚೆನ್ನಾಗಿದ್ದೇನೆ ಎನ್ನುತ್ತಾರೆ. ಸಂಬಳ ಎಷ್ಟೆಂದು ಹೇಳುವುದಿಲ್ಲ, ಕೋಣೆಯ ಫೋಟೋ ಕಳುಹಿಸುವುದಿಲ್ಲ, ಕ್ರಮೇಣ ಫೋನ್ ಕೂಡಾ ಕಡಿಮೆಯಾಗುತ್ತದೆ. ಅಹಂಕಾರ ಬಂತು ಎಂದು ಊರವರು ತಿಳಿಯುತ್ತಾರೆ. ಹಲವು ಸಲ ಕಾರಣ ಸಾಲ ಮತ್ತು ನಾಚಿಕೆ.

ಇಂತಹವರು ಹೆಚ್ಚುವ ಕಾಲ ಇದು. ಕೆನಡಾ ಸರಕಾರ 2024ರ ಜನವರಿಯಲ್ಲಿ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿ, ಆ ವರ್ಷದ ಹೊಸ ಪರವಾನಗಿಗಳನ್ನು ಹಿಂದಿನ ವರ್ಷಕ್ಕಿಂತ ಶೇ. 35ರಷ್ಟು ಇಳಿಸುವುದಾಗಿ ಪ್ರಕಟಿಸಿತು. ಬ್ರಿಟನ್ 2024ರ ಮಾರ್ಚ್ 11ರಿಂದ ವೃದ್ಧರ ಆರೈಕೆಯ ಕೆಲಸಕ್ಕೆ ಹೋಗುವವರು ಸಂಗಾತಿ, ಮಕ್ಕಳನ್ನು ಕರೆದೊಯ್ಯುವುದನ್ನು ನಿಲ್ಲಿಸಿತು. 2025ರ ಜುಲೈ 22ರಿಂದ ಆ ಕೆಲಸಕ್ಕೆ ಹೊರದೇಶಗಳಿಂದ ಹೊಸಬರನ್ನು ತೆಗೆದುಕೊಳ್ಳುವುದನ್ನೇ ಮುಚ್ಚಿತು. ಅಮೆರಿಕ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿತು. ಜಾಗ ಅಡವಿಟ್ಟು ಮಗಳನ್ನು ಓದಲು ಕಳುಹಿಸಿದ ಮನೆಯಲ್ಲಿ, ನಡುವೆ ನಿಯಮ ಬದಲಾದರೆ ಆ ಮಗಳು ಏನೆಂದು ಹೇಳಿಯಾಳು? ಹಿಂದೆ ಬಂದರೆ ಸಾಲ, ನಿಂತರೆ ಕೆಲಸವಿಲ್ಲ. ಹೀಗೆ ಮಾತು ನಿಲ್ಲುತ್ತದೆ.

ಇಸ್ರೇಲಿನಲ್ಲಿ ವೃದ್ಧರ ಆರೈಕೆ ಮಾಡುವ ನಮ್ಮ ಕರಾವಳಿಯ ಹೆಣ್ಣುಮಕ್ಕಳು ಮತ್ತು ಗಂಡಸರ ಸ್ಥಿತಿಯನ್ನೂ ಇಲ್ಲಿ ನೆನೆಯಬೇಕು. ಅವರು ಆರೈಕೆ ಮಾಡುವ ವ್ಯಕ್ತಿಯ ಮನೆಯಲ್ಲೇ ಇರುತ್ತಾರೆ, ಕುಟುಂಬವನ್ನು ಕರೆಸಿಕೊಳ್ಳುವಂತಿಲ್ಲ. 2023ರ ಅಕ್ಟೋಬರ್ 7ರ ದಾಳಿಯ ನಂತರ ಭಾರತ ಸರಕಾರ ‘ಆಪರೇಷನ್ ಅಜಯ್’ ಹೆಸರಿನಲ್ಲಿ ವಿಮಾನ ಕಳುಹಿಸಿದರೂ ಹಲವು ಆರೈಕೆದಾರರು ಅಲ್ಲೇ ಉಳಿದರು. ಹಾಸಿಗೆ ಹಿಡಿದ ಅಜ್ಜಿಯನ್ನು ಬಿಟ್ಟು ಬರುವುದು ಹೇಗೆ ಎಂಬುದು ಒಂದು ಕಾರಣವಾದರೆ, ಬಂದರೆ ಸಂಪಾದನೆ ಎಲ್ಲಿಯದು ಎಂಬುದು ಇನ್ನೊಂದು. ಇದನ್ನು ಹಣದ ಆಸೆ ಎನ್ನುವುದೂ, ಬರಿಯ ತ್ಯಾಗ ಎನ್ನುವುದೂ ಸರಿಯಲ್ಲ. ಎರಡರ ನಡುವೆ ಸಿಕ್ಕಿದ ಬಾಳು ಅದು.

ಮರಳಿ ಬಂದು ಹೊಂದಿಕೊಳ್ಳಲಾಗದವರು

ಹೊರಗೆ ಹೋದವನಿಗೆ ಮೊದಲು ಉತ್ಸಾಹ, ನಂತರ ಬೇಸರ, ಆಮೇಲೆ ಹೊಂದಾಣಿಕೆ ಆಗುತ್ತದೆ ಎಂದು 1955ರಲ್ಲೇ ನಾರ್ವೆಯ ಲೈಸ್ಗಾರ್ಡ್ ಬರೆದಿದ್ದರು. ಮರಳಿ ಊರಿಗೆ ಬಂದಾಗಲೂ ಅದೇ ಸುತ್ತು ಇನ್ನೊಮ್ಮೆ ನಡೆಯುತ್ತದೆ ಎಂದು 1963ರಲ್ಲಿ ಅಮೆರಿಕದ ಗಲಹಾರ್ನ್ ದಂಪತಿ ತೋರಿಸಿದರು. ಇದಕ್ಕೆ ಉದಾಹರಣೆಗಳು ನಮ್ಮ ಸುತ್ತಲೇ ಇವೆ. 1990ರಲ್ಲಿ ಕುವೈತ್ ಮೇಲೆ ಇರಾಕ್ ದಾಳಿ ಮಾಡಿದಾಗ ಒಂದೂವರೆ ಲಕ್ಷಕ್ಕೂ ಮಿಕ್ಕಿದ ಭಾರತೀಯರು ವಿಮಾನಗಳಲ್ಲಿ ಮರಳಿದರು. 2013ರಲ್ಲಿ ಸೌದಿ ಅರೇಬಿಯಾ ‘ನಿತಾಕತ್’ ಕಾನೂನು ಬಿಗಿ ಮಾಡಿದಾಗ ಇನ್ನಷ್ಟು ಮಂದಿ ಬಂದರು. ಕೊರೊನಾ ಕಾಲದಲ್ಲಿ, 2020ರ ಮೇ 12ರಂದು, ‘ವಂದೇ ಭಾರತ್’ ಯೋಜನೆಯ ಮೊದಲ ವಿಮಾನ ದುಬೈಯಿಂದ ಮಂಗಳೂರಿಗೆ ಇಳಿಯಿತು.

ಹೀಗೆ ಬಂದವರಿಗೆ ಊರೇ ಪರಸ್ಥಳವಾಗುತ್ತದೆ. ಗೆಳೆಯರ ಗುಂಪು ಚದುರಿರುತ್ತದೆ, ಮಕ್ಕಳು ಅಪ್ಪನಿಲ್ಲದೆ ನಡೆದುಕೊಂಡು ಅಭ್ಯಾಸವಾಗಿರುತ್ತದೆ, ಮನೆಯ ಯಜಮಾನಿಕೆ ಹೆಂಡತಿಯ ಕೈಯಲ್ಲಿರುತ್ತದೆ. ‘ಅಲ್ಲಿ ಹೀಗಿರಲಿಲ್ಲ’ ಎಂದು ಅವನು ಪ್ರತಿಯೊಂದಕ್ಕೂ ಹೇಳಿದರೆ ಅದು ಜಂಬವಲ್ಲ, ತನ್ನ ಜಾಗ ಹುಡುಕುವವನ ತಡಕಾಟ.

ನಾವೇನು ಮಾಡಬಹುದು?

ಒಬ್ಬನೇ ವ್ಯಕ್ತಿ ದೋಹಾದಲ್ಲಿ ‘ಇನ್ನೆರಡೇ ವರ್ಷ’ ಎನ್ನುತ್ತಾ, ಟೊರಾಂಟೋದಲ್ಲಿ ಬೇರು ಬಿಟ್ಟು, ಊರಿಗೆ ಬಂದ ಮೇಲೆ ಮೌನಿಯಾಗಬಹುದು. ಸ್ವಭಾವ ಒಂದೇ, ಸ್ಥಿತಿ ಮೂರು. ಈ ಮಾತು ಒಪ್ಪಿಗೆಯಾದರೆ ಕೆಲವು ಕೆಲಸಗಳು ಸ್ಪಷ್ಟವಾಗುತ್ತವೆ.

ಮೊದಲನೆಯದಾಗಿ, ಹೊರಡುವ ಮುನ್ನ ಪ್ರತಿ ಮನೆಯಲ್ಲಿ ನಾಲ್ಕು ಪ್ರಶ್ನೆ ಕೇಳಬೇಕು. ವೀಸಾ ಯಾರ ಕೈಯಲ್ಲಿದೆ? ಕುಟುಂಬ ಹೋಗಬಹುದೇ? ಎಷ್ಟು ಕಾಲ ಇರಬಹುದು? ಕೆಲಸ ಹೋದರೆ ಮುಂದೇನು? ಏಜೆಂಟ್ ಸರಕಾರದ ಪರವಾನಗಿ ಪಡೆದವನೇ ಎಂದು ‘ಇ-ಮೈಗ್ರೇಟ್’ ಜಾಲತಾಣದಲ್ಲಿ ನೋಡಬಹುದು. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕದ ಮಿತಿ ಜಿಎಸ್‌ಟಿ ಬಿಟ್ಟು 30,000 ರೂಪಾಯಿ. ಲಕ್ಷಗಟ್ಟಲೆ ಕೇಳುವವನಿಂದ ದೂರವಿರುವುದು ಲೇಸು. ಎಸ್‌ಎಸ್‌ಎಲ್‌ಸಿ ಪಾಸಾಗದವರು 18 ನಿರ್ದಿಷ್ಟ ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಸರಕಾರದ ಅನುಮತಿ ಬೇಕು. ಅದರೊಂದಿಗೆ 10 ಲಕ್ಷ ರೂಪಾಯಿಯ ‘ಪ್ರವಾಸಿ ಭಾರತೀಯ ಬಿಮಾ’ ಕೂಡಾ ಕಡ್ಡಾಯ. ತೊಂದರೆಯಾದರೆ ‘ಮದದ್’ ಜಾಲತಾಣದಲ್ಲಿ ದೂರು ದಾಖಲಿಸಬಹುದು.

ಎರಡನೆಯದಾಗಿ, ವಾಳೆಯ ಗುರಿಕಾರರು ವಂತಿಗೆಗಾಗಿ ಮಾತ್ರ ವಿದೇಶದಲ್ಲಿರುವವರ ಪಟ್ಟಿ ಇಟ್ಟುಕೊಳ್ಳುವುದು ಸಾಲದು. ಹಲವು ತಿಂಗಳಿಂದ ಫೋನ್ ಮಾಡದವರು ಯಾರು, ಒಂಟಿಯಾಗಿರುವ ಹೆತ್ತವರು ಯಾರು, ಈಚೆಗೆ ಮರಳಿದವರು ಯಾರು ಎಂಬುದೂ ಆ ಪಟ್ಟಿಯಲ್ಲಿರಬೇಕು. ಮರಳಿದವರಿಗೆ ಪಾಲನಾ ಮಂಡಳಿಯಲ್ಲಿ, ಸಹಕಾರಿ ಸಂಘದಲ್ಲಿ, ಶಾಲೆಯಲ್ಲಿ ಒಂದು ಜವಾಬ್ದಾರಿ ಕೊಟ್ಟರೆ ಅವರ ಅನುಭವ ವ್ಯರ್ಥವಾಗುವುದಿಲ್ಲ.

ಮೂರನೆಯದಾಗಿ, ರಜೆಯಲ್ಲಿ ಬಂದವರನ್ನು ‘ಏನು ತಂದಿದ್ದೀ’ ಎಂದು ಕೇಳುವ ಬದಲು ‘ಹೇಗಿದ್ದೀ, ಎಲ್ಲಿ ಮಲಗುತ್ತೀ, ಯಾರ ಜೊತೆ ಉಣ್ಣುತ್ತೀ’ ಎಂದು ಕೇಳೋಣ. ಬಾಯಿ ಬಿಡದವನು ಬಾಯಿ ಬಿಡುವುದು ಇಂತಹ ಪ್ರಶ್ನೆಗೆ. ಹಾಗೆ ಅವನು ಹೇಳಿದ್ದನ್ನು ಊರೆಲ್ಲ ಹರಡದೆ ಕೇಳಿಸಿಕೊಳ್ಳುವ ಒಂದು ಮನೆ ಪ್ರತಿ ವಾಳೆಯಲ್ಲೂ ಇರಲಿ ಎಂಬುದು ನಮ್ಮ ಆಶಯ.