ದೃಷ್ಟಿಯ ಭಯ ಮತ್ತು ಹಂಚದ ಸಂತೋಷ

ನಂದಗುಡಿಯಂತಹ ಊರುಗಳಲ್ಲಿ ಹೊಸ ಮನೆಗೆ ಬೂದುಗುಂಬಳ ಕಟ್ಟುವುದನ್ನು ಒಪ್ಪದ ನಮ್ಮವರಲ್ಲಿ ಕೆಲವರು, ಮಗಳ ನಿಶ್ಚಿತಾರ್ಥವನ್ನು ಮಾತ್ರ ನೆರೆಯವರಿಂದ ಮುಚ್ಚಿಡುತ್ತಾರೆ. ಎರಡರಲ್ಲೂ ಇರುವುದು ಅದೇ ದೃಷ್ಟಿಯ ಭಯ. ದೃಷ್ಟಿ ಸತ್ಯವೆಂದು ಪ್ರವಾದಿವರ್ಯರು(ಸ) ಹೇಳಿರುವುದು ನಿಜ. ಆದರೆ ಸಹಲ್ ಬಿನ್ ಹುನೈಫ್(ರ)ರ ಘಟನೆಯನ್ನು ಗಮನಿಸಿ. ಸ್ನಾನ ಮಾಡುತ್ತಿದ್ದ ಅವರ ಮೈಕಾಂತಿಯನ್ನು ಆಮಿರ್ ಬಿನ್ ರಬೀಆ(ರ) ಹೊಗಳಿದರು, ಸಹಲ್ ಕುಸಿದುಬಿದ್ದರು. ಪ್ರವಾದಿವರ್ಯರು(ಸ) ಆಕ್ಷೇಪಿಸಿದ್ದು ಆಮಿರ್‌ರನ್ನು: ಮೆಚ್ಚಿದಾಗ ಬರಕತ್‌ಗಾಗಿ ಏಕೆ ಪ್ರಾರ್ಥಿಸಲಿಲ್ಲ? ಹೊಣೆ ನೋಡುವವನದು. ಯೂಸುಫ್(ಅ)ರ ಕನಸನ್ನು ಮರೆಮಾಚಲು ತಂದೆ ಯಾಕೂಬ್(ಅ) ಹೇಳಿದ್ದೂ ಒಳಸಂಚು ಹೂಡಬಹುದಾದ ಸಹೋದರರಿಂದ, ಊರಿಗೆಲ್ಲ ಅಲ್ಲ. ಸಂಪತ್ತಿನ ಪ್ರದರ್ಶನದ ಮಾತು ಬೇರೆ. ಸಿಹಿ ಹಂಚಲು ಹೆದರುವ ಮನೆಯು ನೆರೆಯವನನ್ನು ಮೊದಲೇ ಅಸೂಯಾಪರನೆಂದು ತೀರ್ಮಾನಿಸಿ, "ಬಾರಕಲ್ಲಾಹ್" ಎನ್ನುವ ಅವಕಾಶವನ್ನೂ ಅವನಿಂದ ಕಸಿದುಕೊಳ್ಳುತ್ತದೆ.